ಸಾಕುಪ್ರಾಣಿ ಪ್ರಶ್ನೋತ್ತರ: ಮನೆಯ ಮಾತ್ರೆ, ಮನೆಯ ತಟ್ಟೆ

ಈ ಸಲ ಬಂದ ಪತ್ರಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ನಾಯಿ ಬೆಕ್ಕುಗಳಿಗೆ ಆಗಿರುವ ತೊಂದರೆಗಳಲ್ಲಿ ಬಹುಪಾಲು ಅಕ್ಕರೆಯಿಂದಲೇ ಆದವು. ನಮಗೆ ಒಗ್ಗಿದ ಮಾತ್ರೆ ಅದಕ್ಕೂ ಒಗ್ಗೀತು, ನಮ್ಮ ತಟ್ಟೆಯ ತುತ್ತು ಅದಕ್ಕೂ ಹಿತವಾದೀತು, ನಾಯಿಗೆ ತಂದ ಔಷಧಿ ಬೆಕ್ಕಿಗೂ ನಡೆದೀತು ಎಂಬ ಎಣಿಕೆ ಆ ಪತ್ರಗಳ ಹಿಂದಿದೆ. ಅಂಥವನ್ನೇ ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಮ್ಮ ಮೂರು ವರ್ಷದ ಬೆಕ್ಕು ಎರಡು ದಿನ ಮಂಕಾಗಿ ಮಲಗಿತ್ತು. ಕಿವಿ ಮುಟ್ಟಿ ನೋಡಿದರೆ ಬಿಸಿ. ಜ್ವರವಿರಬೇಕೆಂದು ಪ್ಯಾರಾಸಿಟಮಾಲ್ ಮಾತ್ರೆಯ ಕಾಲು ಭಾಗವನ್ನು ಪುಡಿ ಮಾಡಿ ಹಾಲಿನಲ್ಲಿ ಕೊಟ್ಟೆವು. ಸಂಜೆಯ ಹೊತ್ತಿಗೆ ಮುಖ ಊದಿಕೊಂಡು ಏದುಸಿರು ಬಿಡತೊಡಗಿತು. ಕೂಡಲೇ ಆಸ್ಪತ್ರೆಗೆ ಒಯ್ದಿದ್ದರಿಂದ ಉಳಿಯಿತು. ಎಳೆಯ ಮಕ್ಕಳಿಗೂ ಕೊಡುವ ಔಷಧಿ ಬೆಕ್ಕಿಗೆ ವಿಷವಾದದ್ದು ಹೇಗೆ? (ಹುಬ್ಬಳ್ಳಿ)

ಉತ್ತರ: ನಿಮ್ಮ ಬೆಕ್ಕು ಉಳಿದದ್ದು ನೀವು ಬೆಳಗಿನವರೆಗೆ ಕಾಯದೆ ಹೊರಟದ್ದರಿಂದ. ನಮ್ಮ ಲಿವರ್ ಈ ಔಷಧಿಗೆ ಗ್ಲುಕುರೋನಿಕ್ ಆಮ್ಲವನ್ನು ಜೋಡಿಸಿ ಅದನ್ನು ನಿರಪಾಯಕಾರಿಯಾಗಿ ಮಾಡಿ ಮೂತ್ರದಲ್ಲಿ ಹೊರಗೆ ಕಳುಹಿಸುತ್ತದೆ. ಆ ಜೋಡಣೆಗೆ ಬೇಕಾದ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ತೀರ ಕಡಿಮೆ. ಹಾಗಾಗಿ ಔಷಧಿ ಬೇರೆ ದಾರಿ ಹಿಡಿದು ವಿಷಕಾರಿ ಪದಾರ್ಥವಾಗಿ ಮಾರ್ಪಡುತ್ತದೆ, ಕೆಂಪು ರಕ್ತಕಣಗಳನ್ನು ಹಾಳುಗೆಡವುತ್ತದೆ, ಆಮ್ಲಜನಕವನ್ನು ಹೊತ್ತೊಯ್ಯಬೇಕಾದ ಹಿಮೋಗ್ಲೋಬಿನ್ ಅದನ್ನು ಹೊರಲಾರದ ಸ್ಥಿತಿಗೆ ಬರುತ್ತದೆ. ಗಾಳಿ ಧಾರಾಳವಾಗಿ ಒಳಗೆ ಹೋಗುತ್ತಿದ್ದರೂ ಬೆಕ್ಕು ಉಸಿರು ಕಟ್ಟಿದಂತೆ ಒದ್ದಾಡುತ್ತದೆ. ಒಮ್ಮೆ ನನ್ನ ಮೇಜಿಗೆ ಬಂದ ಇಂಥದೇ ಬೆಕ್ಕಿನ ತುಟಿ ಎತ್ತಿ ನೋಡಿದಾಗ ವಸಡು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು; ಪರೀಕ್ಷೆಗೆಂದು ಎಳೆದ ರಕ್ತ ಸಿರಿಂಜಿನೊಳಗೆ ಕಾಫಿಯ ಡಿಕಾಕ್ಷನ್ನಿನಂತೆ ಕಂಡಿತು. 500 ಮಿಲಿಗ್ರಾಂ ಮಾತ್ರೆಯ ಕಾಲು ಭಾಗವೆಂದರೆ 125 ಮಿಲಿಗ್ರಾಂ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಅಷ್ಟು ಸಾಕು. ಇದರಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ತಿಳಿಯಿರಿ. ಐಬುಪ್ರೊಫೆನ್ ಮತ್ತು ನೆಗಡಿಗೆಂದು ಮಾರುವ ಬೆರಕೆ ಮಾತ್ರೆಗಳಿಗೂ ಇದೇ ಮಾತು ಸಲ್ಲುತ್ತದೆ. ನಾಯಿಗಳು ಪ್ಯಾರಾಸಿಟಮಾಲನ್ನು ಬೆಕ್ಕಿಗಿಂತ ಕೊಂಚ ಹೆಚ್ಚು ತಾಳಿಕೊಂಡಾವು, ಆದರೆ ಅವಕ್ಕೂ ಮನೆಯವರೇ ಅಳತೆ ನಿರ್ಧರಿಸಿ ಕೊಡಬಾರದು.

ಇನ್ನು ಜ್ವರದ ಮಾತು. ನಮ್ಮ ಮೈ ಸಾಮಾನ್ಯವಾಗಿ 98.6 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದ್ದರೆ ಆರೋಗ್ಯವಂತ ಬೆಕ್ಕು ಮತ್ತು ನಾಯಿಯ ಮೈ ಸುಮಾರು 100.5ರಿಂದ 102.5ರವರೆಗೆ ಇರುತ್ತದೆ. ಅಂದರೆ ನಮ್ಮ ಕೈಗೆ ಅವು ಯಾವಾಗಲೂ ಬೆಚ್ಚಗೇ ತಾಗುತ್ತವೆ. ಕಿವಿ ಮುಟ್ಟಿ ಜ್ವರ ಹೇಳಲಾಗದು. ಪಶುವೈದ್ಯರು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡುವುದು ಆ ಕಾರಣಕ್ಕೆ. ಇಂಥ ಪ್ರಮಾದವಾದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದು, ಎಷ್ಟು ಗಂಟೆಗೆ ಎಷ್ಟು ಕೊಟ್ಟಿರೆಂಬುದನ್ನು ಸಂಕೋಚವಿಲ್ಲದೆ ಹೇಳಿ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಅದು ಬೇಗ ಕೊಟ್ಟಷ್ಟೂ ಒಳ್ಳೆಯದು. ಬೈಸಿಕೊಳ್ಳಬೇಕಾದೀತೆಂಬ ಅಳುಕಿನಿಂದ ‘ಏನೂ ಕೊಟ್ಟಿಲ್ಲ’ ಎನ್ನುವವರಿಂದಾಗಿ ನಾವು ಕಳೆದುಕೊಂಡ ಬೆಕ್ಕುಗಳೂ ಇವೆ.

ಪ್ರಶ್ನೆ: ನಮ್ಮದು ತೋಟದ ಮನೆ. ನಾಯಿಗೆ ವಾರಕ್ಕೊಮ್ಮೆ ಮೀಯಿಸಿ, ಕೂತು ಉಣುಗು ಹೆಕ್ಕುತ್ತೇವೆ. ಹತ್ತು ದಿನ ಕಳೆದರೆ ಮತ್ತೆ ಅಷ್ಟೇ. ಈಗ ನಾಯಿ ಊಟ ಬಿಟ್ಟಿದೆ, ನಿನ್ನೆ ಮೂಗಿನಿಂದ ರಕ್ತ ಒಸರಿತು. ಈ ಉಣುಗಿನಿಂದ ನಮಗೆ ಮಂಗನ ಕಾಯಿಲೆ ಬರುತ್ತದೆಯೇ? ನಾಯಿಗೆ ತಂದ ಔಷಧಿಯನ್ನು ಮನೆಯ ಬೆಕ್ಕಿಗೂ ಹಚ್ಚಬಹುದೇ? (ಸಾಗರ ತಾಲೂಕು)

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಹಚ್ಚಬೇಡಿ. ನಾಯಿಯ ಬೆನ್ನಿಗೆ ಬಿಡುವ ಅನೇಕ ಔಷಧಿಗಳಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ. ಹಿಂದಿನ ಉತ್ತರದಲ್ಲಿ ಹೇಳಿದ ಲಿವರ್‌ನ ಕೊರತೆಯೇ ಇಲ್ಲಿಯೂ ಅಡ್ಡಬಂದು ಬೆಕ್ಕು ನಡುಗಿ, ಸೆಟೆದು, ಸಾಯಲೂಬಹುದು. ಹಾಗೆ ಹಚ್ಚಿದ ನಾಯಿಯನ್ನು ಬೆಕ್ಕು ನೆಕ್ಕದಂತೆ, ಒತ್ತಿಕೊಂಡು ಮಲಗದಂತೆ ಒಂದೆರಡು ದಿನ ಬೇರೆಬೇರೆ ಇಡಿ.

ಮೂಗಿನ ರಕ್ತವನ್ನು ಇವತ್ತೇ ತೋರಿಸಿ. ಉಣುಗಿನ ಮೂಲಕ ನಾಯಿಗೆ ಬರುವ ಎರ್ಲಿಕಿಯಾ ಎಂಬ ಸೋಂಕಿನಲ್ಲಿ ಪ್ಲೇಟ್‌ಲೆಟ್‌ಗಳು ಕುಸಿದು ಹೀಗೆ ರಕ್ತ ಒಸರುವುದುಂಟು. ಅದೇ ಉಣುಗು ತರುವ ಬೆಬೀಸಿಯಾ ಎಂಬ ಪರಾವಲಂಬಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಆಗ ವಸಡು ಬಿಳಿಚಿ ಮೂತ್ರ ಕಡುಬಣ್ಣಕ್ಕೆ ತಿರುಗಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಆದ್ದರಿಂದ ರಕ್ತಪರೀಕ್ಷೆ ಬೇಕೇ ಬೇಕು. ಎರ್ಲಿಕಿಯಾ ಆಗಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ಐದನೆಯ ದಿನ ನಾಯಿ ಎದ್ದು ಬಾಲ ಅಲ್ಲಾಡಿಸಿ ಊಟ ಮಾಡಿತೆಂದು ಮಾತ್ರೆ ನಿಲ್ಲಿಸಿದ ಮನೆಗಳಿಂದಲೇ ಮೂರು ತಿಂಗಳ ಬಳಿಕ ಮತ್ತೆ ಫೋನ್ ಬರುತ್ತದೆ.

ಹೆಕ್ಕಿದಷ್ಟೂ ಮುಗಿಯದಿರುವುದಕ್ಕೆ ಕಾರಣ ನಾಯಿಯ ಮೈಮೇಲಿಲ್ಲ, ಗೋಡೆಯಲ್ಲಿದೆ. ಮನೆ ನಾಯಿಗಳಿಗೆ ಹತ್ತುವ ಕಂದು ಉಣುಗು ಮರಿಯಿಂದ ದೊಡ್ಡದಾಗುವವರೆಗೆ ಮೂರು ಸಲ ನಾಯಿಯ ಮೈ ಹತ್ತಿ ರಕ್ತ ಕುಡಿಯುತ್ತದೆ, ಮೊದಲ ಎರಡು ಸಲ ಕೆಳಗಿಳಿದು ಸಂದಿಯಲ್ಲಿ ಅಡಗಿ ಪೊರೆ ಕಳಚುತ್ತದೆ. ಕಡೆಯ ಸಲ ಇಳಿದ ಹೆಣ್ಣು ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ರಾತ್ರಿ ಟಾರ್ಚ್ ಹಿಡಿದು ಬಾಗಿಲ ಚೌಕಟ್ಟು ಗೋಡೆಗೆ ಕೂಡುವ ಗೀರು, ನಾಯಿಗೂಡಿನ ಮಾಡಿನ ಹಲಗೆ, ಅದು ಮಲಗುವ ಗೋಣಿಚೀಲದ ಹೊಲಿಗೆ ಇವನ್ನು ನೋಡಿ. ಮೇಲಕ್ಕೆ ಹತ್ತುವುದು ಈ ಉಣುಗಿನ ಸ್ವಭಾವವಾದ್ದರಿಂದ ತಲೆಯೆತ್ತರದ ಬಿರುಕುಗಳನ್ನೂ ಬಿಡಬೇಡಿ. ಗೋಣಿಯನ್ನು ಸುಟ್ಟುಬಿಡಿ, ಬಿರುಕುಗಳಿಗೆ ಗಾರೆ ತುಂಬಿಸಿ. ನಾಯಿಗೆ ಫ್ಲುರಾಲಾನರ್‌ನಂಥ ನುಂಗುವ ಮಾತ್ರೆ ಕೊಟ್ಟರೆ ಸುಮಾರು 12 ವಾರಗಳವರೆಗೆ ಅದರ ರಕ್ತ ಕುಡಿದ ಉಣುಗುಗಳು ಸಾಯುತ್ತವೆ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಕೈಯಿಂದ ಕೀಳುವಾಗ ಸೀಮೆಎಣ್ಣೆ, ಉರಿಯುವ ಊದುಬತ್ತಿ ಇವೆಲ್ಲ ಬೇಡ. ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹೊಸಕದೆ ಸೋಪಿನ ನೀರಿಗೆ ಹಾಕಿ.

ಮಂಗನ ಕಾಯಿಲೆಯ ಭಯ ನಿಮ್ಮ ಭಾಗದಲ್ಲಿ ಸಹಜವಾದದ್ದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗವನ್ನು ಮುಖ್ಯವಾಗಿ ಹರಡುವುದು ಕಾಡಿನ ತರಗೆಲೆಯ ನಡುವೆ ಇರುವ ಬೇರೆ ಜಾತಿಯ ಉಣುಗು. ನಿಮ್ಮ ಗೋಡೆಯಲ್ಲಿರುವುದು ಅದಲ್ಲ. ಹಾಗೆಂದು ನಿಶ್ಚಿಂತರಾಗುವಂತೆಯೂ ಇಲ್ಲ, ಏಕೆಂದರೆ ಕಾಡಿಗೆ ಹೋಗಿ ಬರುವ ದನ, ನಾಯಿಗಳ ಮೈಮೇಲೆ ಕಾಡಿನ ಉಣುಗು ಮನೆಯವರೆಗೆ ಬರಬಹುದು. ಡಿಸೆಂಬರ್‌ನಿಂದ ಮೇವರೆಗೆ ನಾಯಿಯನ್ನು ಕಾಡಿನತ್ತ ಬಿಡಬೇಡಿ. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಉಣುಗು ಹತ್ತದಿರಲೆಂದು ಕೊಡುವ ಡೆಪಾ ತೈಲ ಮನುಷ್ಯರ ಚರ್ಮಕ್ಕೆಂದು ತಯಾರಾದದ್ದು. ಅದನ್ನು ನಾಯಿಗೆ ಸವರಿದರೆ ಅದು ನೆಕ್ಕಿಕೊಳ್ಳುತ್ತದೆ, ಹಾಗೆ ಮಾಡಬೇಡಿ.

ಪ್ರಶ್ನೆ: ಹಬ್ಬದ ದಿನ ಉಳಿದ ಪಾಯಸವನ್ನು ನಾಯಿಗೆ ಹಾಕಿದ್ದನ್ನು ಕಂಡು ಮಗಳು ಗಾಬರಿಯಾದಳು, ಒಣದ್ರಾಕ್ಷಿ ನಾಯಿಗೆ ವಿಷವೆಂದಳು. ನಿಜವೇ? (ಧಾರವಾಡ)

ಉತ್ತರ: ನಿಜ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಎರಡು ಮೂರು ದಿನಗಳಲ್ಲಿ ಕೆಡಿಸುತ್ತವೆ, ಯಾವ ನಾಯಿಗೆ ಎಷ್ಟು ತಿಂದರೆ ಆದೀತೆಂದು ಮುಂಚಿತವಾಗಿ ಹೇಳಲಾಗದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದೆಂದು ಈಚಿನ ವರ್ಷಗಳಲ್ಲಿ ಪಶುವೈದ್ಯರು ಭಾವಿಸುತ್ತಿದ್ದಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ ಎಂಬುದನ್ನು ನಮ್ಮ ಅಡುಗೆಮನೆಯವರು ಗಮನಿಸಬೇಕು. ‘ಊರ ನಾಯಿಗಳು ಸಾರನ್ನ ತಿಂದೇ ಬದುಕಿಲ್ಲವೇ’ ಎಂದು ಕೇಳಬಹುದು. ತೆಳ್ಳಗಿನ ಸಾರಿನಲ್ಲಿರುವ ಹುಳಿ ಒಂದು ಮಾತು, ಕಿವುಚಿ ಬಿಸಾಕಿದ ಹುಣಸೆಯ ಗಸಿಯನ್ನು ನಾಯಿ ಬುಟ್ಟಿಯಿಂದ ಎಳೆದು ತಿನ್ನುವುದು ಇನ್ನೊಂದು ಮಾತು. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ನಾಯಿ ಬೆಕ್ಕುಗಳ ರಕ್ತಕಣಗಳನ್ನು ಒಡೆಯುತ್ತವೆ. ನಾಯಿಗೆ ಅನ್ನ ಹಾಕುವವರು ಒಗ್ಗರಣೆಗೆ ಮುಂಚೆಯೇ ಅದರ ಪಾಲನ್ನು ಬೇರೆ ತೆಗೆದಿಡುವುದು ಸುಲಭ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಐದು ತಿಂಗಳ ಗಂಡು ಬೆಕ್ಕಿನ ಮರಿ ತಾನಾಗಿ ಬಂದು ಸೇರಿಕೊಂಡಿದೆ. ಮೊಸರನ್ನ, ಹಾಲು ಕೊಡುತ್ತೇವೆ. ಹಲ್ಲಿ, ಜಿರಳೆ ಹಿಡಿಯುತ್ತದೆ. ಇಷ್ಟು ಸಾಲದೇ? (ಉಡುಪಿ)

ಉತ್ತರ: ಸಾಲದು. ನಾಯಿ ಸಾವಿರಾರು ವರ್ಷ ಮನುಷ್ಯನ ಎಂಜಲಿನ ಪಕ್ಕದಲ್ಲಿ ಬಾಳಿ ಅನ್ನವನ್ನು ಜೀರ್ಣಿಸಿಕೊಳ್ಳಲು ಕಲಿತಿದೆ, ಬೆಕ್ಕು ಕಲಿತಿಲ್ಲ. ಅದರ ದೇಹಕ್ಕೆ ಟಾರಿನ್ ಎಂಬ ಪದಾರ್ಥ ದಿನವೂ ಹೊರಗಿನಿಂದ ಬರಬೇಕು, ಅದು ದೊರೆಯುವುದು ಮಾಂಸ ಮೀನುಗಳಲ್ಲಿ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಕ್ಷೀಣಿಸುತ್ತದೆಂದು ಮೊದಲೇ ಗೊತ್ತಿತ್ತು. ಹೃದಯದ ಸ್ನಾಯು ತೆಳುವಾಗಿ ಹಿಗ್ಗಿ ಬೆಕ್ಕು ಸಾಯುವುದಕ್ಕೂ ಅದೇ ಕಾರಣವೆಂದು 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಲ್ ಪಯನ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಮೇಲೆ ಬೆಕ್ಕಿನ ಸಿದ್ಧ ಆಹಾರಗಳಿಗೆ ಟಾರಿನ್ ಹೆಚ್ಚಾಗಿ ಸೇರಿಸುವುದು ರೂಢಿಯಾಯಿತು. ಕ್ಯಾರೆಟ್ಟಿನ ಹಳದಿ ಅಂಶವನ್ನು ನಾವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತೇವೆ, ಬೆಕ್ಕಿಗೆ ಅದೂ ಆಗದು. ಹಲ್ಲಿ ಜಿರಳೆಗಳು ಅದಕ್ಕೆ ಆಟ, ಊಟವಲ್ಲ. ಹಾಲು ಅನೇಕ ಬೆಕ್ಕುಗಳಿಗೆ ಬೇಧಿ ತರುತ್ತದೆ.

ಮನೆಯ ಆಚಾರವನ್ನು ನಾನು ಗೌರವಿಸುತ್ತೇನೆ, ಅಡುಗೆಮನೆಯಲ್ಲಿ ಮೀನು ಬೇಯಿಸಿ ಎನ್ನುವುದಿಲ್ಲ. ಪೊಟ್ಟಣದಲ್ಲಿ ಬರುವ ಒಣ ಆಹಾರದಲ್ಲಿ ಮಾಂಸದ ಅಂಶವಿದ್ದರೂ ಅದನ್ನು ಮುಟ್ಟಿ ಕಲಸಬೇಕಾಗಿಲ್ಲ, ಹಿತ್ತಿಲ ಜಗಲಿಯಲ್ಲಿ ಬಟ್ಟಲಿಗೆ ಸುರಿದರಾಯಿತು. ನನ್ನ ಪರಿಚಯದ ಹಿರಿಯರೊಬ್ಬರು ಅದಕ್ಕೆಂದೇ ಒಂದು ತೆಂಗಿನ ಚಿಪ್ಪಿನ ಸೌಟು ಇಟ್ಟುಕೊಂಡಿದ್ದಾರೆ, ಅದು ಒಳಗೆ ಬರುವುದಿಲ್ಲ. ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರವಿರಲಿ. ನಾಯಿಯ ಆಹಾರ ಬೆಕ್ಕಿಗೆ ಸಾಲದು. ಅಷ್ಟೂ ಒಪ್ಪಿಗೆಯಾಗದಿದ್ದರೆ ಮರಿಯನ್ನು ಮೀನು ತಿನ್ನುವ ಮನೆಗೆ ಕೊಡುವುದೇ ನ್ಯಾಯ.

ಒಣ ಆಹಾರ ತಿನ್ನುವ ಗಂಡು ಬೆಕ್ಕಿನ ಬಗ್ಗೆ ಒಂದು ಎಚ್ಚರಿಕೆಯಿದೆ. ಅದರ ಮೂತ್ರನಾಳ ಬಹಳ ಕಿರಿದು. ನೀರು ಕಡಿಮೆಯಾದರೆ ಹರಳು ಸೇರಿ ಕಟ್ಟಿಕೊಳ್ಳುತ್ತದೆ. ಬೆಕ್ಕು ಮತ್ತೆ ಮತ್ತೆ ಮಣ್ಣು ಕೆದಕಿ ಕುಕ್ಕರಿಸಿ, ಹನಿಯೂ ಬಾರದೆ ಅರಚಿಕೊಂಡರೆ ಮನೆಯವರು ಮಲಬದ್ಧತೆಯೆಂದು ತಿಳಿದು ಹರಳೆಣ್ಣೆ ಕುಡಿಸುತ್ತಾರೆ. ಹೀಗೆ ಒಂದು ಇಡೀ ದಿನ ಕಳೆದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಎರಡು ಮೂರು ಕಡೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ.

ಪ್ರಶ್ನೆ: ಒಂಬತ್ತು ವರ್ಷದ ಹೆಣ್ಣು ಲ್ಯಾಬ್ರಡಾರ್. ಒಂದು ವಾರದಿಂದ ಒಂದೇ ಸಮ ನೀರು ಕುಡಿಯುತ್ತದೆ, ಮನೆಯೊಳಗೇ ಮೂತ್ರ ಮಾಡುತ್ತದೆ, ಊಟ ಅರ್ಧಕ್ಕಿಳಿದಿದೆ. ಉಷ್ಣವಾಗಿರಬೇಕೆಂದು ಬಾರ್ಲಿ ನೀರು ಕೊಡುತ್ತಿದ್ದೇವೆ. ಒಂದೂವರೆ ತಿಂಗಳ ಹಿಂದೆ ಬೆದೆಗೆ ಬಂದಿತ್ತು. (ಮೈಸೂರು)

ಉತ್ತರ: ನಿಮ್ಮ ಕಡೆಯ ವಾಕ್ಯವೇ ಇಲ್ಲಿ ಮುಖ್ಯ. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ, ಅದರಲ್ಲೂ ವಯಸ್ಸಾದ ಹೆಣ್ಣು ನಾಯಿ ಹೀಗೆ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಶಂಕೆ ಮೊದಲು ಬರಬೇಕು. ಪಯೋಮೆಟ್ರಾ ಎಂದು ಇದರ ಹೆಸರು. ಪ್ರತಿ ಬೆದೆಯ ನಂತರವೂ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸುತ್ತದೆ. ವರ್ಷಗಳು ಕಳೆದಂತೆ ಆ ಪದರದಲ್ಲಿ ಬ್ಯಾಕ್ಟೀರಿಯಾ ನೆಲೆಯೂರುವುದು ಸುಲಭವಾಗುತ್ತದೆ. ಅವುಗಳ ವಿಷ ಮೂತ್ರಪಿಂಡದ ಮೇಲೆ ಕೆಲಸ ಮಾಡುವುದರಿಂದ ಮೂತ್ರ ನೀರಾಗಿ ಹರಿದು ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ನಾಯಿ ಕುಡಿಯುತ್ತಲೇ ಇರುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಬಾಲದ ಕೆಳಗೆ ಕೀವಿನ ಕಲೆ ಕಂಡೀತು, ಮುಚ್ಚಿದ್ದರೆ ಹೊರಗೆ ಏನೂ ಕಾಣದು, ಮುಚ್ಚಿದ್ದೇ ಹೆಚ್ಚು ಅಪಾಯಕಾರಿ. ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ. ಗರ್ಭಕೋಶವನ್ನು ತೆಗೆಯುವುದೇ ನಂಬಬಹುದಾದ ಚಿಕಿತ್ಸೆ. ಮಧುಮೇಹ, ಮೂತ್ರಪಿಂಡದ ರೋಗಗಳಲ್ಲೂ ಬಾಯಾರಿಕೆ ಹೆಚ್ಚುವುದುಂಟು, ಆದರೆ ಅದನ್ನು ಬಗೆಹರಿಸುವುದು ರಕ್ತಪರೀಕ್ಷೆಯ ಕೆಲಸ, ಬಾರ್ಲಿಯದಲ್ಲ. ಪತ್ರ ಬಂದ ದಿನವೇ ಕಚೇರಿಯವರು ನಿಮಗೆ ಫೋನ್ ಮಾಡಿ ತಿಳಿಸಿದ್ದಾರೆ; ಇಲ್ಲಿ ಅಚ್ಚು ಹಾಕಿಸುತ್ತಿರುವುದು ಇತರರಿಗಾಗಿ. ಒಂದು ಸೂಲು ಆದ ಮೇಲೆಯೇ ಸಂತಾನಹರಣ ಮಾಡಿಸಬೇಕೆಂಬ ಮಾತಿಗೆ ಆಧಾರವಿಲ್ಲ.

ಪ್ರಶ್ನೆ: ಬೀದಿಯಲ್ಲಿ ಸಿಕ್ಕ ಮೂರು ತಿಂಗಳ ನಾಯಿಮರಿಯನ್ನು ಸಾಕಿದ್ದೇವೆ. ಹೋದ ವಾರವಷ್ಟೇ ರೇಬೀಸ್ ಲಸಿಕೆ ಹಾಕಿಸಿದೆವು. ಆಟವಾಡುವಾಗ ಮಗನ ಬೆರಳಿಗೆ ಹಲ್ಲು ತಾಗಿ ರಕ್ತ ಬಂತು. ಅತ್ತೆಯವರು ಅರಿಶಿನ, ಸುಣ್ಣ ಹಚ್ಚಿದರು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೆದರಿ ಮಗ ಅಳುತ್ತಿದ್ದಾನೆ. ಮರಿಗೆ ಲಸಿಕೆ ಆಗಿರುವುದರಿಂದ ಬಿಡಬಹುದಲ್ಲವೇ? (ದಾವಣಗೆರೆ)

ಉತ್ತರ: ಬಿಡಬಾರದು. ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಹುಟ್ಟುವುದಿಲ್ಲ, ಅದಕ್ಕೆ ಮೂರು ನಾಲ್ಕು ವಾರ ಬೇಕು. ಮರಿಯ ತಾಯಿ ಯಾವುದು, ಬೀದಿಯಲ್ಲಿದ್ದಾಗ ಅದನ್ನು ಏನು ಕಚ್ಚಿತ್ತು ಎಂಬುದು ನಿಮಗೆ ತಿಳಿಯದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆಯಿಲ್ಲವೆಂದೇ ಹೇಳಬೇಕು. ಆದ್ದರಿಂದ ಈ ಒಂದು ವಿಷಯದಲ್ಲಿ ಅದೃಷ್ಟದ ಮೇಲೆ ಭಾರ ಹಾಕುವಂತಿಲ್ಲ.

ಹದಿನಾಲ್ಕು ಇಂಜೆಕ್ಷನ್ನಿನ ನೆನಪು ನಿಮ್ಮ ಅತ್ತೆಯವರ ಕಾಲದ್ದು, ಸುಳ್ಳಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಹೊಟ್ಟೆಗೆ ಚುಚ್ಚುತ್ತಿದ್ದರು, ನಮ್ಮ ದೇಶದಲ್ಲಿ ಅದು ನಿಂತು ಇಪ್ಪತ್ತು ವರ್ಷಗಳಾದವು. ಈಗಿನ ಲಸಿಕೆಯನ್ನು ತೋಳಿನ ಚರ್ಮದೊಳಗೆ ಕೊಡುವುದಾದರೆ 0, 3, 7 ಮತ್ತು 28ನೆಯ ದಿನ, ಸ್ನಾಯುವಿಗೆ ಕೊಡುವುದಾದರೆ 0, 3, 7, 14 ಮತ್ತು 28ನೆಯ ದಿನ ಹಾಕುತ್ತಾರೆ. ಮೊದಲ ಚುಚ್ಚುಮದ್ದಿನ ದಿನವೇ ಇಲ್ಲಿ ಸೊನ್ನೆ. ರಕ್ತ ಬಂದಿರುವುದರಿಂದ ಗಾಯದೊಳಗೆ ಇಮ್ಯುನೊಗ್ಲೋಬುಲಿನ್ ಕೂಡ ಬೇಕಾಗುತ್ತದೆ. ಲಸಿಕೆ ಕೆಲಸ ಶುರುಮಾಡುವವರೆಗೆ ಕಾವಲಿರುವುದು ಅದೇ.

ಹಲ್ಲು ತಾಗಿದ ಕ್ಷಣದಲ್ಲಿ ಮನೆಯಲ್ಲೇ ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರವೆಂದರೆ ನಲ್ಲಿಯ ಕೆಳಗೆ ಗಾಯ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯುವುದು. ಹದಿನೈದು ನಿಮಿಷ ಎಷ್ಟು ದೀರ್ಘವೆಂಬುದು ಗಡಿಯಾರ ನೋಡುತ್ತ ತೊಳೆದವರಿಗೇ ಗೊತ್ತು. ಬಹಳ ಮಂದಿ ಒಂದು ನಿಮಿಷಕ್ಕೆ ನಿಲ್ಲಿಸುತ್ತಾರೆ. ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನ ಅಂಶವಿದೆ, ಸೋಪು ಅದನ್ನು ಕರಗಿಸುತ್ತದೆ. ಸುಣ್ಣ, ಅರಿಶಿನ, ಕಾರದಪುಡಿ ಗಾಯವನ್ನು ಕೆರಳಿಸುತ್ತವೆ. ನಿಮ್ಮ ಮಗನ ಬೆರಳಿನ ಸುಣ್ಣವನ್ನು ಈಗಲಾದರೂ ಸೋಪಿನಿಂದ ತೊಳೆದು, ದಿನ ಕಳೆದಿದ್ದರೂ ಆಸ್ಪತ್ರೆಗೆ ಹೋಗಿ. ಮರಿಯನ್ನು ಹತ್ತು ದಿನ ಕಟ್ಟಿ ಗಮನಿಸುವುದು ಸರಿಯೇ, ಏಕೆಂದರೆ ಜೊಲ್ಲಿನಲ್ಲಿ ವೈರಸ್ ಇದ್ದ ನಾಯಿಯೋ ಬೆಕ್ಕೋ ಆ ಅವಧಿಯೊಳಗೆ ರೋಗಲಕ್ಷಣ ತೋರಿಸಿ ಸಾಯುತ್ತದೆ. ಆದರೆ ಲಸಿಕೆ ಶುರುಮಾಡಿ ಗಮನಿಸಬೇಕೇ ಹೊರತು ಗಮನಿಸಿ ಮುಗಿದ ಮೇಲೆ ಲಸಿಕೆಯಲ್ಲ. ಹತ್ತು ದಿನದ ನಂತರವೂ ಮರಿ ಆರೋಗ್ಯವಾಗಿದ್ದರೆ ಉಳಿದ ಡೋಸುಗಳ ವಿಚಾರವನ್ನು ಆಸ್ಪತ್ರೆಯ ವೈದ್ಯರು ತೀರ್ಮಾನಿಸಲಿ.

ಪ್ರಶ್ನೆ: ನಮ್ಮ ಎರಡು ವರ್ಷದ ಮುಧೋಳ ನಾಯಿಯನ್ನು ನೋಡಿದವರೆಲ್ಲ ‘ಊಟ ಹಾಕುವುದಿಲ್ಲವೇ, ಪಕ್ಕೆಲುಬು ಎಣಿಸಬಹುದು’ ಎನ್ನುತ್ತಾರೆ. ಅನ್ನಕ್ಕೆ ತುಪ್ಪ ಹೆಚ್ಚಿಸಿದೆವು, ಭೇದಿ ಶುರುವಾಯಿತು. ಮುಂದಿನ ತಿಂಗಳು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದಿದ್ದೇವೆ. (ಬೆಂಗಳೂರು)

ಉತ್ತರ: ತುಪ್ಪ ನಿಲ್ಲಿಸಿ. ಅತಿಯಾದ ಕೊಬ್ಬು ನಾಯಿಯ ಮೇದೋಜೀರಕ ಗ್ರಂಥಿಯನ್ನು ಉರಿಯೂತಕ್ಕೆ ತಳ್ಳುವುದುಂಟು. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದು ಬೆಳೆದ ತಳಿ ಇದು. 2005ರಲ್ಲಿ ಅಂಚೆ ಇಲಾಖೆ ತಂದ ಚೀಟಿಯ ಮೇಲೂ ಇದೇ ಸಪೂರ ಮೈಕಟ್ಟಿದೆ. ಆಳವಾದ ಎದೆ, ಒಳಗೆ ಸರಿದ ಹೊಟ್ಟೆ, ಒಂದೆರಡು ಪಕ್ಕೆಲುಬಿನ ಗೆರೆ ಈ ತಳಿಗೆ ಸಹಜ. ಪಕ್ಕದ ಮನೆಯ ಲ್ಯಾಬ್ರಡಾರನ್ನು ಅಳತೆಗೋಲಾಗಿ ಹಿಡಿಯಬೇಡಿ. ನಗರದಲ್ಲಿ ನಾನು ನೋಡುವ ಲ್ಯಾಬ್ರಡಾರುಗಳಲ್ಲಿ ಹೆಚ್ಚಿನವು ತೂಕ ಇಳಿಸಬೇಕಾದವೇ. ಬೆನ್ನುಮೂಳೆ, ಸೊಂಟದ ಮೂಳೆಗಳು ಚೂಪಾಗಿ ಎದ್ದು ಕಂಡರೆ, ತೊಡೆಯ ಮಾಂಸ ಕರಗಿದ್ದರೆ ಮಾತ್ರ ಚಿಂತಿಸಬೇಕು. ಆಗ ಮೊದಲು ಮಲಪರೀಕ್ಷೆ ಮಾಡಿಸಿ, ಜಂತುಹುಳುವಿದ್ದೀತು.

ಶಸ್ತ್ರಚಿಕಿತ್ಸೆಗೆ ಹೆಸರು ಬರೆಸುವಾಗ ‘ದೇಸಿ ನಾಯಿ’ ಎಂದಷ್ಟೇ ಹೇಳದೆ ಮುಧೋಳವೆಂದು ಬಿಡಿಸಿ ಹೇಳಿ. ಹೀಗೆ ಓಡುವ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆಯಾದ್ದರಿಂದ ಥಯೋಪೆಂಟಾಲ್‌ನಂಥ ಕೆಲವು ಅರಿವಳಿಕೆ ಔಷಧಿಗಳ ಅಮಲು ಇಳಿಯಲು ತೀರ ತಡವಾಗುತ್ತದೆ. ತಿಳಿದಿದ್ದರೆ ವೈದ್ಯರು ಬೇರೆಯದನ್ನು ಆರಿಸಿಕೊಳ್ಳುತ್ತಾರೆ. ಅದೇ ಕಾರಣಕ್ಕೆ ಮೇಜಿನ ಮೇಲೆ ಇವು ಬೇಗ ತಣ್ಣಗಾಗುತ್ತವೆ. ಆ ದಿನ ಒಂದು ದಪ್ಪ ಕಂಬಳಿ ಜೊತೆಗೆ ಒಯ್ಯಿರಿ, ಎಚ್ಚರವಾಗುವವರೆಗೆ ಹೊದಿಸಿಕೊಂಡು ಪಕ್ಕದಲ್ಲೇ ಕೂತಿರಿ.